ತ್ರೀ ಡಿಗ್ರೀಸ್: ಒಂದೇ ಹೆಸರು, ನಾಲ್ಕು ಥರದ ಸೌಂಡು. ಯಾವುದು ಯಾರದ್ದು ಅಂತ ಹಿಡಿಯೋದು ಹೇಗೆ?

ತಿರುಗುತಟ್ಟೆ
ಅಮೆರಿಕದ ಫಿಲಡೆಲ್ಫಿಯಾದ ಮೂವರು ಹೆಣ್ಣುಮಕ್ಕಳ ಹಾಡುಗುಂಪು ತ್ರೀ ಡಿಗ್ರೀಸ್ ಹಾಡುಗಳನ್ನ ವರ್ಷದ ಪ್ರಕಾರ ಜೋಡಿಸಿ ಒಂದು ಪ್ಲೇಲಿಸ್ಟ್ ಮಾಡೋಣ ಅಂತ ಕೂತರೆ ಎಲ್ಲ ಕಲಸುಮೇಲೋಗರ. 'ವೆನ್ ವಿಲ್ ಐ ಸೀ ಯು ಅಗೇನ್' ಒಂದಕ್ಕೇ ಆ್ಯಪಲ್ಲಿ ಹಲವು ಎಂಟ್ರಿ. ಒಂದರಲ್ಲಿ ನಿಜವಾದ ಪಿಟೀಲು ಮೇಳ, ಇನ್ನೊಂದರಲ್ಲಿ ಕೀಬೋರ್ಡಲ್ಲಿ ಒತ್ತಿದ ಪಿಟೀಲು. ಎರಡಕ್ಕೂ ಮುಖಚಿತ್ರ ಮಾತ್ರ ಅದೇ ಮೂವರದ್ದು.

ನನಗೆ ತಿಳಿದಿರೋದು ಇಷ್ಟು: 1963ರಲ್ಲಿ ಶೀಲಾ ಫರ್ಗ್ಯುಸನ್ ಕಟ್ಟಿದ ಗುಂಪು, 1974ರಲ್ಲಿ ಹಾಡು ಬರೆದು ಮಾಡಿಸೋ ಜೋಡಿ ಗ್ಯಾಂಬಲ್-ಹಫ್ ಕೈಯಲ್ಲಿ ಹಿಟ್, ಆಮೇಲೆ ನಿರ್ಮಾಪಕ ಜಾರ್ಜಿಯೊ ಮೊರೊಡರ್ ಜೊತೆ ಡಿಸ್ಕೊ. ಅಸಲಿ ಯಾವುದು, ಆಮೇಲೆ ಹಾಡಿದ್ದು ಯಾವುದು ಅಂತ ಕಿವಿಯಲ್ಲೇ ಗುರುತಿಸೋಕೆ ಆಗತ್ತಾ? ಮತ್ತೆ ಇವರು ಅಮೆರಿಕದವರೇ ಆದರೂ ಹೆಚ್ಚು ಮೆರೆದಿದ್ದು ಇಂಗ್ಲೆಂಡಲ್ಲಿ. ಯಾಕೆ?

ಬೀಸೈಡ್ ಭಾರತಿ
ಮೊದಲನೇ ಸಾಲಲ್ಲೇ ತಪ್ಪಿದೆ ಸಾರ್. ಶೀಲಾ ಕಟ್ಟಿದವರಲ್ಲ, ನಡುವೆ ಸೇರಿದವರು. 1963ರಲ್ಲಿ ಇದ್ದ ಮೂವರು ಫೇಯೆಟ್ ಪಿಂಕ್ನಿ, ಲಿಂಡಾ ಟರ್ನರ್, ಶರ್ಲಿ ಪೋರ್ಟರ್. ಇವರನ್ನ ಬೆಳೆಸಿದ್ದು ರಿಚರ್ಡ್ ಬ್ಯಾರೆಟ್, ಅದಕ್ಕೆ ಮುಂಚೆ ಐವತ್ತರ ದಶಕದಲ್ಲಿ ಶಾಂಟೆಲ್ಸ್ ಅನ್ನೋ ಹುಡುಗಿಯರ ಗುಂಪನ್ನ ಮುಂದೆ ತಂದಿದ್ದ ಆಸಾಮಿ. ಲಿಂಡಾ, ಶರ್ಲಿ ಬೇಗನೇ ಬಿಟ್ಟರು, ಹೆಲೆನ್ ಸ್ಕಾಟ್ ಮತ್ತು ಜ್ಯಾನೆಟ್ ಹಾರ್ಮನ್ ಬಂದರು. ಮೊದಲ ತಟ್ಟೆ 'ಜೀ ಬೇಬಿ', 1965, ಸ್ವಾನ್ ಲೇಬಲ್.

1966ರಲ್ಲಿ ಹೆಲೆನ್ ಸಂಸಾರಕ್ಕೆ ಅಂತ ಬಿಟ್ಟಾಗ, ಬ್ಯಾರೆಟ್ ಹತ್ತಿರವೇ ಒಬ್ಬಂಟಿಯಾಗಿ ಹಾಡ್ತಿದ್ದ ಶೀಲಾ ಆ ಜಾಗಕ್ಕೆ ಬಂದರು. 1967ರಲ್ಲಿ ಜ್ಯಾನೆಟ್ ಜಾಗಕ್ಕೆ ವ್ಯಾಲರಿ ಹಾಲಿಡೇ. ನಾವೆಲ್ಲ ಪೋಸ್ಟರಿನಲ್ಲಿ ನೋಡೋ ಫೇಯೆಟ್-ಶೀಲಾ-ವ್ಯಾಲರಿ ಅಂದರೆ 1967ರಿಂದ 1976. ಆ ವರ್ಷ ಫೇಯೆಟ್ ಹೊರಟರು, ಹತ್ತು ವರ್ಷದ ಮೇಲೆ ಹೆಲೆನ್ ವಾಪಸ್ ಬಂದರು. ಹಾಗಾಗಿ ಮೊರೊಡರ್ ಕಾಲದ ಯಾವ ಹಾಡಲ್ಲೂ ಫೇಯೆಟ್ ದನಿ ಇಲ್ಲ. ಶೀಲಾ 1986ರಲ್ಲಿ ಬಿಟ್ಟರು. ಅದರ ಮೇಲೆ ದನಿಮುದ್ರಣ ಆಗಿದ್ದರೆ ಮುಂದಿನ ದನಿಯೇ ಬೇರೆ. ನಿಮ್ಮ ಪ್ಲೇಲಿಸ್ಟಿಗೆ ಈ ನಾಲ್ಕು ಇಸವಿ ಸಾಕು: 1966, 1967, 1976, 1986.

ಮಲೆನಾಡ್ ಮೋನೋ
ಸ್ವಾನ್ ಅಂದರೆ 1963ರಲ್ಲಿ ಬೀಟಲ್ಸ್‌ನ 'ಶೀ ಲವ್ಸ್ ಯು' ಅಮೆರಿಕದಲ್ಲಿ ಹೊರಡಿಸಿದ ಆ ಪುಟ್ಟ ಕಂಪನಿನೇ ಅಲ್ವಾ?

ಬೀಸೈಡ್ ಭಾರತಿ
ಅದೇ. ಫಿಲಡೆಲ್ಫಿಯಾದ್ದೇ.

ಕ್ಯಾಸೆಟ್ ಕಾಕಾ
ತಮ್ಮಾ, ಅಸಲಿ ಹಿಡಿಯೂದು ಅಷ್ಟೇನ ಕಷ್ಟ ಇಲ್ಲ. ಮೊದಲ ಹೊಸಾದು ಯಾಕ ಹಾಡ್ತಾರ ಅನ್ನೂದು ತಿಳಕೋ. ಮೂಲ ಟೇಪ್ ಲೇಬಲ್‌ದಾಗಿನ ಆಸ್ತಿ, ಹಾಡಿದವರದ್ದಲ್ಲ. ಕರಾರಿನ್ಯಾಗ 'ಇಷ್ಟು ವರ್ಷ ಇದನ್ನ ಮತ್ತ ಹಾಡಂಗಿಲ್ಲ' ಅಂತ ಬರದಿರತದ. ಆ ಗಡುವು ಮುಗದ ಮ್ಯಾಲೆ ಬ್ಯಾರೆ ಕಂಪನಿ ಬಂದು, ಅದs ಹಾಡು ಕಡಿಮಿ ಖರ್ಚಿನ್ಯಾಗ ಮತ್ತ ಹಾಡಸ್ತದ. ಬರದವರ ಪಾಲು ಎರಡೂ ಕಡೆ ಕೊಡಬೇಕು, ಟೇಪಿನ ಪಾಲು ಮಾತ್ರ ಹೊಸಬರಿಗೆ. ಇದು ಕಳ್ಳತನ ಅಲ್ಲ, ಮುಖಚಿತ್ರಕ್ಕ ಹಳೇ ಫೋಟೋ ಹಾಕಿ ಮಾರೂದು ಅದ ನೋಡು, ಅದು ತಪ್ಪು.

ಈಗ ಗುರುತು. ಹಾಡಿನ ವಿವರದಾಗ ಪಿ ಅಕ್ಷರಕ್ಕ ಸುತ್ತು ಹಾಕಿದ ಗುರುತು ಇರತದ, ಅದು ಆ ದನಿಮುದ್ರಣ ಮೊದಲ ಹೊರಬಂದ ಇಸವಿ. ಸಿ ಸುತ್ತಿನ ಇಸವಿ ನೋಡಬ್ಯಾಡ, ಅದು ಮುಖಚಿತ್ರ-ಬರಹದ್ದು. ಗ್ಯಾಂಬಲ್-ಹಫ್ ಲೇಬಲ್ ಫಿಲಡೆಲ್ಫಿಯಾ ಇಂಟರ್‌ನ್ಯಾಷನಲ್ ಹೆಸರು, ಇಲ್ಲಾ ಸೋನಿ ಕಡೆಯಿಂದ ಬಂದದ್ದು, 1973-75ರ ಇಸವಿ ಇತ್ತಂದ್ರ ನಿಶ್ಚಿಂತಿ. ಕೇಳರಿಯದ ಸಂಕಲನ ಕಂಪನಿ, ಇಸವಿ ತೊಂಬತ್ತರ ಈಚಿಗೆ ಅಂದ್ರ ಸಂಶಯ ಪಡು. ಇಲ್ಲೊಂದು ಎಡವಟ್ಟು ಆಗತದ: ಭಾಳ ಆ್ಯಪ್‌ನ್ಯಾಗ ಈ ಗುರುತು ಇಡೀ ಆಲ್ಬಮ್ಮಿಗೆ ಒಂದs ಇರತದ, ಹಾಡಿಗೊಂದು ಇರಂಗಿಲ್ಲ. ಆವಾಗ ಕಿವೀನs ಗತಿ.

1973ರ 'ದ ತ್ರೀ ಡಿಗ್ರೀಸ್' ಆಲ್ಬಮ್ ತಗಿ. ಬರೇ ಎಂಟು ಹಾಡು. ಅದರಾಗಿನ 'ವೆನ್ ವಿಲ್ ಐ' ಒರೆಗಲ್ಲು ಅಂತ ಇಟಕೋ. ಮೊದಲ 15 ಸೆಕೆಂಡ್ ಅದನ್ನ, ಆಮ್ಯಾಲೆ ಸಂಶಯದ್ದನ್ನ, ಮತ್ತ ಅದನ್ನ. ಪಿಟೀಲು ಕೇಳು: ನಿಜವಾದ ಮೇಳದಾಗ ಎಲ್ಲಾ ಬಿಲ್ಲು ಒಂದs ಕ್ಷಣಕ್ಕ ತಂತಿ ಮುಟ್ಟಂಗಿಲ್ಲ, ಅಂಚು ಸ್ವಲ್ಪ ಮಸಕಾಗಿ ಹಿಗ್ಗಿರತದ. ಕೀಬೋರ್ಡಿನ್ಯಾಗ ಚಾಕೂಲೆ ಕೊಯ್ದಂಗ ಬರತದ. ಆಮ್ಯಾಲೆ ಸ್ನೇರ್ ಡ್ರಮ್ಮು: ಪ್ರತಿ ಪೆಟ್ಟೂ ಒಂದs ತೂಕ ಇದ್ದು, ಪ್ರತಿಧ್ವನಿ ಫಟ್ಟನ ಕಡದು ಹೋತಂದ್ರ ಅದು ಎಂಬತ್ತರ ಮಷೀನು.

ತಿರುಗುತಟ್ಟೆ
ಹಾಡಿನ ಉದ್ದ ನೋಡಿದರೆ ಸಾಲಲ್ವಾ ಕಾಕಾ?

ಕ್ಯಾಸೆಟ್ ಕಾಕಾ
ಸಾಲಂಗಿಲ್ಲ. ಸಿಂಗಲ್‌ಗೆ ಕತ್ತರಿಸಿದ್ದೂ ಅಸಲೀನs ಇರತದ, ಉದ್ದ ಬ್ಯಾರೆ. ಉದ್ದ ಸಂಶಯಕ್ಕ ಸಾಕು, ತೀರ್ಪಿಗೆ ಸಾಲದು.

ಹೈಹ್ಯಾಟ್ ಹನುಮ
ಎಲ್ಲರೂ ಹಾಡಿದವರ ಬಗ್ಗೆನೇ ಮಾತಾಡ್ತಿದೀರ. 1973-75ರ ಸೌಂಡು ಕಟ್ಟಿದ್ದು ಸಿಗ್ಮಾ ಸೌಂಡ್ ಸ್ಟುಡಿಯೋ, 212 ನಾರ್ತ್ 12ನೇ ಸ್ಟ್ರೀಟ್, ಫಿಲಡೆಲ್ಫಿಯಾ. ಜೋ ಟಾರ್ಸಿಯಾ 1968ರಲ್ಲಿ ತೆರೆದಿದ್ದು, ಕ್ಯಾಮಿಯೋ-ಪಾರ್ಕ್‌ವೇ ಲೇಬಲ್ಲಿನಲ್ಲಿ ಮುಖ್ಯ ಎಂಜಿನಿಯರ್ ಆಗಿದ್ದವರು. ಅಲ್ಲಿ ಕೂತು ನುಡಿಸೋ ಮೇಳಕ್ಕೆ ಎಂಎಫ್‌ಎಸ್‌ಬಿ ಅಂತ ಹೆಸರು. ಡ್ರಮ್ಸ್ ಅರ್ಲ್ ಯಂಗ್, ಬೇಸ್ ರಾನಿ ಬೇಕರ್, ಗಿಟಾರ್ ನಾರ್ಮನ್ ಹ್ಯಾರಿಸ್, ಬಾಬಿ ಈಲೈ, ರೋಲಂಡ್ ಚೇಂಬರ್ಸ್, ವೈಬ್ರಫೋನ್ ವಿನ್ಸ್ ಮೊಂಟಾನಾ, ಕಾಂಗಾ ಲ್ಯಾರಿ ವಾಷಿಂಗ್ಟನ್. ಪಿಟೀಲು-ತುತ್ತೂರಿ ಮೇಳ ಕರೆತರೋದು ಡಾನ್ ರೆನಾಲ್ಡೊ.

ಡಿಸ್ಕೊ ತಾಳ ಅಂತ ಈಗ ಯಾವುದನ್ನ ಕರೀತೀವೋ ಅದು ಈ ಅರ್ಲ್ ಯಂಗ್ ಕಾಲು-ಕೈ. 1973ರ 'ದ ಲವ್ ಐ ಲಾಸ್ಟ್' ಕೇಳಿ, ಹೆರಾಲ್ಡ್ ಮೆಲ್ವಿನ್ ಗುಂಪಿಂದು. ನಮ್ಮ ಲೆಕ್ಕದಲ್ಲಿ ಹೇಳಬೇಕಂದ್ರೆ ನಾಲ್ಕು ಪೆಟ್ಟಿಗೂ ತಕಧಿಮಿ ಹೇಳ್ಕೊಳ್ಳಿ. ಪ್ರತಿ 'ತ' ಮೇಲೆ ಕಿಕ್, ಅಂದರೆ ಕಾಲಲ್ಲಿ ಹೊಡೆಯೋ ದೊಡ್ಡ ಡ್ರಮ್ಮು. ಎರಡನೇ ಮತ್ತು ನಾಲ್ಕನೇ 'ತ' ಮೇಲೆ ಸ್ನೇರ್. ಪ್ರತಿ 'ಧಿ' ಮೇಲೆ ಹೈಹ್ಯಾಟ್ (ಕಾಲಲ್ಲಿ ತೆರೆದು ಮುಚ್ಚೋ ಜೋಡಿ ತಾಳ) ಬಾಯಿ ಬಿಡತ್ತೆ, ಮುಂದಿನ 'ತ'ಗೆ ಸರಿಯಾಗಿ ಮುಚ್ಚತ್ತೆ. ಕಲಿಯೋರು ಎಡವೋದು ಈ ಮುಚ್ಚೋದ್ರಲ್ಲೇ. ಎಡಗಾಲು ಕೂದಲೆಳೆ ತಡ ಆದರೂ 'ಚ್ಸ್ಸ್' ಮುಂದಿನ ಪೆಟ್ಟಿನ ಮೇಲೆ ಚೆಲ್ಲಿ, ಓಡಬೇಕಾದ ತಾಳ ಕುಂಟತ್ತೆ. ಬಲಗಾಲಿನ ಕಿಕ್ ಜೋರು ಮಾಡಿ ಅದನ್ನ ಮುಚ್ಚಿಡೋಕೆ ಹೋಗಬೇಡಿ, ಇನ್ನೂ ಎದ್ದು ಕಾಣತ್ತೆ.

ಪಾಪ್‌ಕಾರ್ನ್ ಪರಮೇಶಿ
'ಟಿಎಸ್‌ಒಪಿ' ಬಿಟ್ಟೇಬಿಟ್ರಲ್ಲ. ತ್ರೀ ಡಿಗ್ರೀಸ್ ಅವರ ನಂಬರ್ ಒನ್ ಹಾಡು ಅದು.

ಹೈಹ್ಯಾಟ್ ಹನುಮ
ಅವರದ್ದಲ್ಲ ಗುರೂ. ಎಂಎಫ್‌ಎಸ್‌ಬಿ ಹೆಸರಲ್ಲಿ ಬಂದಿದ್ದು, ಇವರು ಅತಿಥಿ ಕಂಠ. ಏಪ್ರಿಲ್ 1974ರಲ್ಲಿ ಅಮೆರಿಕದಲ್ಲಿ ಎರಡು ವಾರ ಒಂದನೇ ಸ್ಥಾನ. ಹಾಡಿನ ಮುಕ್ಕಾಲು ಪಾಲು ಬರೀ ವಾದ್ಯ, ಇವರು ಹೇಳೋದು ಒಂದೆರಡು ಸಾಲು. 'ಸೋಲ್ ಟ್ರೇನ್' ಟಿವಿ ಕಾರ್ಯಕ್ರಮಕ್ಕೆ ಅಂತಲೇ ಮಾಡಿದ ರಾಗ, ಆದರೆ ನಡೆಸ್ತಿದ್ದ ಡಾನ್ ಕಾರ್ನೆಲಿಯಸ್ ತಟ್ಟೆ ಮೇಲೆ ಕಾರ್ಯಕ್ರಮದ ಹೆಸರು ಹಾಕೋಕೆ ಒಪ್ಪಲಿಲ್ಲ. ಅದಕ್ಕೇ 'ದ ಸೌಂಡ್ ಆಫ್ ಫಿಲಡೆಲ್ಫಿಯಾ' ಅಂತ ಆ ಮೊಟಕು ಹೆಸರು. ಕೈಯಾರೆ ಕಳ್ಕೊಂಡ ಪುಕ್ಕಟೆ ಜಾಹೀರಾತು.

ನೀಲಿ ನೋಟು
ಒಂದು ತಕರಾರು. ಎಲ್ಲರೂ ಡಿಸ್ಕೊ ಡಿಸ್ಕೊ ಅಂತೀರಿ. 'ವೆನ್ ವಿಲ್ ಐ ಸೀ ಯು ಅಗೇನ್' ಯಾವ ಸೀಮೆ ಡಿಸ್ಕೊ? ನಿಧಾನದ ಸೋಲ್ ಹಾಡು. ಪಲ್ಲವಿ-ಚರಣ ಪೂರ್ತಿ ಹೆಚ್ಚುಕಮ್ಮಿ ಬರೀ ಪ್ರಶ್ನೆಗಳೇ, ಉತ್ತರ ಬರೋದೇ ಇಲ್ಲ. ಅದನ್ನ ಕೇಳಿ ಕುಣಿಯೋನು ಎಲ್ಲಿದಾನೆ?

ಬೀಸೈಡ್ ಭಾರತಿ
ಒಪ್ಪಿದೆ. ಆ ಆಲ್ಬಮ್ಮಲ್ಲಿ ಕುಣಿಸೋದು 'ಡರ್ಟಿ ಓಲ್ಡ್ ಮ್ಯಾನ್'. ಹಾಲೆಂಡ್, ಬೆಲ್ಜಿಯಂನಲ್ಲಿ ಒಂದನೇ ಸ್ಥಾನಕ್ಕೆ ಹೋಯ್ತು, ಅವರ ಊರಲ್ಲೇ ಯಾರೂ ಕ್ಯಾರೇ ಅನ್ನಲಿಲ್ಲ. 1977ರ 'ಫಿಲಡೆಲ್ಫಿಯಾ ಕ್ಲಾಸಿಕ್ಸ್' ಸಂಕಲನದಲ್ಲಿ ಟಾಮ್ ಮೌಲ್ಟನ್ ಇದನ್ನ ಕ್ಲಬ್ಬಿಗೆ ಅಂತ ಹಿಗ್ಗಿಸಿ ಕೊಟ್ಟಿದ್ದಾರೆ. ಅದೇ ಸಂಕಲನದಲ್ಲಿ 'ಲವ್ ಈಸ್ ದ ಮೆಸೇಜ್' 11 ನಿಮಿಷ ದಾಟತ್ತೆ, ಅದರಲ್ಲೂ ಇವರ ದನಿ ಇದೆ.

ಇನ್ನು 'ವೆನ್ ವಿಲ್ ಐ' ಬಗ್ಗೆ: ಶೀಲಾಗೆ ಮೊದಮೊದಲು ಅದು ಹಿಡಿಸಲೇ ಇಲ್ಲ. ಇಷ್ಟು ಸುಲಭದ ಹಾಡು ಹಾಡೋಕೆ ಏನು ಪ್ರತಿಭೆ ಬೇಕು ಅಂತ ಅವಮಾನ ಆದಹಾಗೆ ಅನ್ನಿಸಿತ್ತು ಅಂತ ಆಮೇಲೆ ಅವರೇ ಹೇಳಿಕೊಂಡಿದ್ದಾರೆ. ಗಂಟಲು ಹರಿದುಕೊಂಡು ಹಾಡೋ ಶಕ್ತಿ ಇದ್ದವರಿಗೆ ಪಿಸುಮಾತಲ್ಲಿ ಹಾಡು ಅಂದರೆ ಹಾಗೇ ಅನ್ನಿಸತ್ತೆ. 1970ರ 'ಮೇಬಿ' ಕೇಳಿ ಗೊತ್ತಾಗತ್ತೆ. ಅದು ಶಾಂಟೆಲ್ಸ್ ಹಾಡೇ, ರೂಲೆಟ್ ಲೇಬಲ್ಲಿಗೆ ಬ್ಯಾರೆಟ್ ಮತ್ತೆ ಮಾಡಿಸಿದ್ದು. ವ್ಯಾಲರಿ ಮೊದಲು ಮಾತಾಡ್ತಾ ಮಾತಾಡ್ತಾ ಹೋಗಿ ಆಮೇಲೆ ಸಿಡೀತಾರೆ. ಅಮೆರಿಕದಲ್ಲಿ 29ನೇ ಸ್ಥಾನ.

ಕೊಡಗಿನ ಕಿತ್ತಳೆ
ಒಂದು ವಿಷಯ ಯಾರೂ ಎತ್ತಲೇ ಇಲ್ಲವಲ್ಲ. ಡಿಸೆಂಬರ್ 1974ರಲ್ಲಿ 'ವೆನ್ ವಿಲ್ ಐ' ಅಮೆರಿಕದಲ್ಲಿ ಎರಡನೇ ಸ್ಥಾನಕ್ಕೆ ಬಂದು ನಿಂತಿತು. ಮೇಲೆ ಕೂತಿದ್ದು ಯಾರು? ಕಾರ್ಲ್ ಡಗ್ಲಸ್ ಅವರ 'ಕುಂಗ್ ಫೂ ಫೈಟಿಂಗ್'. ಅದನ್ನ ಮಾಡಿಸಿದ್ದು 'ಬಿದ್ದು' ಅನ್ನೋ ಹೆಸರಿನ ಸಂಗೀತ ನಿರ್ಮಾಪಕ. ಬೆಂಗಳೂರಲ್ಲಿ ಹುಟ್ಟಿದ ಕೊಡವ, ಇಲ್ಲಿ ಟ್ರೋಜನ್ಸ್ ಅನ್ನೋ ಬ್ಯಾಂಡಲ್ಲಿ ಹಾಡಿಕೊಂಡಿದ್ದವರು.

ಪಾಪ್‌ಕಾರ್ನ್ ಪರಮೇಶಿ
ಅಯ್ಯೋ, ನಮ್ಮೂರವರೇ ಅಡ್ಡಗಾಲು ಹಾಕಿದ್ರಾ 😂

ಕೊಡಗಿನ ಕಿತ್ತಳೆ
ಅದೂ ಬೀ ಸೈಡಿಗೆ, ಅಂದರೆ ತಟ್ಟೆಯ ಹಿಂಬದಿಗೆ ಅಂತ ದನಿಮುದ್ರಣದ ಕೊನೇಲಿ ಉಳಿದ ಚೂರು ಸಮಯದಲ್ಲಿ ಮುಗಿಸಿದ ಹಾಡು! ಇಂಗ್ಲೆಂಡಲ್ಲಿ ಮಾತ್ರ ಜಗಳ ಇಲ್ಲ: ತ್ರೀ ಡಿಗ್ರೀಸ್ ಆಗಸ್ಟಲ್ಲಿ ಎರಡು ವಾರ ಒಂದನೇ ಸ್ಥಾನ, ಬಿದ್ದು ಹಾಡು ಸೆಪ್ಟೆಂಬರಲ್ಲಿ.

ಮಲೆನಾಡ್ ಮೋನೋ
1981ರಲ್ಲಿ ನಾಜಿಯಾ ಹಸನ್ 'ಡಿಸ್ಕೊ ದೀವಾನೆ' ಮಾಡಿಸಿದ್ದೂ ಇವರೇ. ಟೀನಾ ಚಾರ್ಲ್ಸ್ ಅವರ 'ಐ ಲವ್ ಟು ಲವ್' 1976...

ನೀಲಿ ನೋಟು
ಬಿದ್ದುಗೆ ಬೇರೆ ಎಳೆ ಶುರು ಮಾಡಿ ಮಾರಾಯ್ರೆ. ಅಸಲಿ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಇಂಗ್ಲೆಂಡ್ ಯಾಕೆ?

ಬೀಸೈಡ್ ಭಾರತಿ
ನನಗೆ ಕಾಣೋ ಕಾರಣ ಎರಡು. ಒಂದು, ಲೇಬಲ್ ಬದಲು. ಗ್ಯಾಂಬಲ್-ಹಫ್ ಜೊತೆ ಇವರಿಗಿದ್ದಿದ್ದು ಸ್ಟುಡಿಯೋದಲ್ಲಿ ಎರಡೇ ಆಲ್ಬಮ್, 1973ರದ್ದು ಮತ್ತು 1975ರ 'ಇಂಟರ್‌ನ್ಯಾಷನಲ್'. ಆಮೇಲೆ ಬ್ಯಾರೆಟ್ ಇವರನ್ನ ಎಪಿಕ್ ಲೇಬಲ್ಲಿಗೆ ಕರ್ಕೊಂಡು ಹೋದರು. ಹಾಡುಗಾರ್ತಿಯರು ಬಂದರು, ಆದರೆ ಅರ್ಲ್ ಯಂಗ್, ಬೇಕರ್, ಸಿಗ್ಮಾದ ಆ ಕೋಣೆ ಜೊತೆಗೆ ಬರಲ್ಲವಲ್ಲ. ಅಮೆರಿಕದ ಟಾಪ್ 40ಗೆ 'ವೆನ್ ವಿಲ್ ಐ' ಆದಮೇಲೆ ಒಂದು ಹಾಡೂ ಏರಲಿಲ್ಲ.

ಎರಡನೇದು, ಇವರು ರೇಡಿಯೋಗಿಂತ ವೇದಿಕೆಗೆ ಬೆಳೆದವರು. ಮೊದಲಿಂದಲೂ ನೈಟ್‌ಕ್ಲಬ್ ಪಳಗಿದ ಗುಂಪು. 1971ರ 'ದ ಫ್ರೆಂಚ್ ಕನೆಕ್ಷನ್' ಸಿನಿಮಾದಲ್ಲಿ ಕ್ಲಬ್ಬಲ್ಲಿ ಹಾಡೋ ಮೂವರು ಇವರೇ. ಮಿಂಚೋ ಉದ್ದ ಗೌನು, ಅಳತೆಯಿಟ್ಟ ಹೆಜ್ಜೆ, ಹಾಡಿನ ನಡುವೆ ಮಾತು. ಇಂಗ್ಲೆಂಡಲ್ಲಿ ಆಗ ಊಟ ಮಾಡ್ತಾ ನೋಡೋ ಕ್ಯಾಬರೆ ಕ್ಲಬ್ಬುಗಳು, ಶನಿವಾರದ ಟಿವಿ ಮನರಂಜನೆ ಜೋರಾಗಿದ್ದ ಕಾಲ. ಹಿಟ್ ಇಲ್ಲದ ವರ್ಷದಲ್ಲೂ ಕೆಲಸ ಇರ್ತಿತ್ತು. 1964ರಲ್ಲಿ ಸುಪ್ರೀಮ್ಸ್ ಆದಮೇಲೆ ಅಲ್ಲಿ ಒಂದನೇ ಸ್ಥಾನ ಕಂಡ ಮೊದಲ ಹೆಣ್ಣುಮಕ್ಕಳ ಗುಂಪು ಇದು. ನವೆಂಬರ್ 1978ರಲ್ಲಿ ಆಗಿನ ಯುವರಾಜ ಚಾರ್ಲ್ಸ್ 30ನೇ ಹುಟ್ಟುಹಬ್ಬಕ್ಕೆ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಹಾಡಿದರು. ಅಲ್ಲಿಂದ ಪತ್ರಿಕೆಯವರು ಬಿಡಲೇ ಇಲ್ಲ.

ನೀಲಿ ನೋಟು
ಎರಡನೇ ಕಾರಣ ಸರಿ. ಮೊದಲನೇದಕ್ಕೆ ಪೂರ್ತಿ ಒಪ್ಪಲ್ಲ. 1975ರಲ್ಲಿ ಆ ಮೇಳದವರೇ ಸುಮಾರು ಜನ ಗ್ಯಾಂಬಲ್-ಹಫ್ ಬಿಟ್ಟು ವಿನ್ಸ್ ಮೊಂಟಾನಾ ಜೊತೆ ಸಾಲ್ಸೋಲ್ ಆರ್ಕೆಸ್ಟ್ರಾ ಕಡೆ ಹೋದರಲ್ಲ. ಇವರು ಅಲ್ಲೇ ಉಳಿದಿದ್ದರೂ ಹಳೇ ಸೌಂಡು ಸಿಕ್ತಿರಲಿಲ್ಲ.

ಬೀಸೈಡ್ ಭಾರತಿ
ಹ್ಮ್. ಅದು ನಿಜ. ಆದರೂ ಗ್ಯಾಂಬಲ್-ಹಫ್ ಬರೆಯೋ ಹಾಡು ಸಿಕ್ಕಿರೋದು.

ಹೈಹ್ಯಾಟ್ ಹನುಮ
ಮೊರೊಡರ್ ಕಾಲಕ್ಕೆ ಬನ್ನಿ. ಅರಿಯೋಲಾ ಲೇಬಲ್, 1978ರ 'ನ್ಯೂ ಡೈಮೆನ್ಷನ್ಸ್', 1979ರ '3ಡಿ'. ಇಂಗ್ಲೆಂಡಲ್ಲಿ ಏರಿದ ಸ್ಥಾನ: 'ಗಿವಿಂಗ್ ಅಪ್, ಗಿವಿಂಗ್ ಇನ್' 12, 'ವುಮನ್ ಇನ್ ಲವ್' 3, 'ದ ರನ್ನರ್' 10, 'ಜಂಪ್ ದ ಗನ್' 48, 'ಮೈ ಸಿಂಪಲ್ ಹಾರ್ಟ್' 9. ತಮಾಷೆ ನೋಡಿ, ಮೊರೊಡರ್ ಹತ್ತಿರ ಹೋಗಿ ಎಲ್ಲಕ್ಕಿಂತ ದೊಡ್ಡ ಹಿಟ್ ಆಗಿದ್ದು ಕುಣಿಯೋ ಹಾಡಲ್ಲ, 'ವುಮನ್ ಇನ್ ಲವ್' ಅನ್ನೋ ನಿಧಾನದ ಹಾಡು.

ಕಿವಿಗೆ ವ್ಯತ್ಯಾಸ ಎಲ್ಲಿ? ಬೇಸಲ್ಲಿ. ರಾನಿ ಬೇಕರ್ ಬೇಸು ಹಾಡಿನ ಮಧ್ಯೆ ಅಡ್ಡಾಡತ್ತೆ, ಉಸಿರು ತಗೊಳ್ಳತ್ತೆ, ಕೆಲವು ಪೆಟ್ಟು ಬೇಕಂತಲೇ ಬಿಡತ್ತೆ. ಮೊರೊಡರ್ ಬೇಸು ಸಿಂಥಸೈಸರ್ ಸೀಕ್ವೆನ್ಸರಿಂದ (ಮೊದಲೇ ಹಾಕಿಟ್ಟ ಸ್ವರಗಳನ್ನ ತಾನೇ ನುಡಿಸೋ ಯಂತ್ರ) ಬರೋದು, ಹೊಲಿಗೆ ಯಂತ್ರದ ಥರ ಒಂದೇ ಅಂತರ. ಅದರ ಮೇಲೆ ಹಾಡೋರು ಎಳೆದಾಡೋಕೆ ಜಾಗ ಇಲ್ಲ, ಪದಗಳನ್ನ ಚುಟುಕಾಗಿ ಕಡಿದು ಹೇಳಬೇಕು. 'ದ ರನ್ನರ್' ಕೇಳಿ, ಮೂವರೂ ಹಾಗೇ ಹಾಡಿದ್ದಾರೆ. ಆ ಹಾಡು ಬರೆಯೋದ್ರಲ್ಲಿ ಶೀಲಾ ಕೈನೂ ಇದೆ.

ಮತ್ತೆ ಅಮೆರಿಕಕ್ಕೆ ಇದು ತಲುಪದೆ ಇರೋಕೆ ಕಾಲವೂ ಕೂಡಿಬರಲಿಲ್ಲ. 12 ಜುಲೈ 1979ರಂದು ಷಿಕಾಗೋದ ಕಾಮಿಸ್ಕಿ ಪಾರ್ಕಲ್ಲಿ ಎರಡು ಬೇಸ್‌ಬಾಲ್ ಆಟಗಳ ನಡುವಿನ ಬಿಡುವಲ್ಲಿ ಡಿಸ್ಕೊ ತಟ್ಟೆಗಳನ್ನ ಸಿಡಿಸಿದರು. ಅಲ್ಲಿನ ರೇಡಿಯೋಗಳು ಡಿಸ್ಕೊ ಹೆಸರು ಕೇಳಿದರೆ ಹಿಂದೆ ಸರಿಯೋಕೆ ಶುರು ಮಾಡಿದ ಹೊತ್ತು ಅದು.

ಪಾಪ್‌ಕಾರ್ನ್ ಪರಮೇಶಿ
ಹಾಗಿದ್ದರೆ ಅದೇ ಫಿಲಡೆಲ್ಫಿಯಾದ ಸಿಸ್ಟರ್ ಸ್ಲೆಡ್ಜ್ 1979ರಲ್ಲೇ ಅಮೆರಿಕದಲ್ಲಿ ಗೆದ್ದಿದ್ದು ಹೇಗೆ? ಅವರೂ ಗ್ಯಾಂಬಲ್-ಹಫ್ ಕಡೆಯವರೇ ತಾನೆ?

ಹೈಹ್ಯಾಟ್ ಹನುಮ
ಊರು ಮಾತ್ರ ಫಿಲಡೆಲ್ಫಿಯಾ. 'ವಿ ಆರ್ ಫ್ಯಾಮಿಲಿ' ಮಾಡಿಸಿದ್ದು ನ್ಯೂಯಾರ್ಕಿನ ಶಿಕ್ ಬ್ಯಾಂಡಿನ ನೈಲ್ ರಾಜರ್ಸ್, ಬರ್ನಾರ್ಡ್ ಎಡ್ವರ್ಡ್ಸ್. ಅಮೆರಿಕದಲ್ಲಿ ಎರಡನೇ ಸ್ಥಾನ, ಆ ವರ್ಷ ಪಿಟ್ಸ್‌ಬರ್ಗ್ ಪೈರೇಟ್ಸ್ ಬೇಸ್‌ಬಾಲ್ ತಂಡ ಅದನ್ನೇ ತಮ್ಮ ಹಾಡು ಮಾಡಿಕೊಳ್ತು. ಶಿಕ್ ಸೌಂಡಲ್ಲಿ ಪಿಟೀಲು ಮೇಳ ಹಿಂದಕ್ಕೆ, ಗಿಟಾರಿನ ಚಕಚಕ ಮತ್ತು ಬೇಸ್ ಮುಂದಕ್ಕೆ.

ಸರಿಗಮ ಸರಳಾ
ವಿಷಯ ಸ್ವಲ್ಪ ಆ ಕಡೆ. ಮೂವರು ಸೇರಿ ಇವರ ಹಾಡು ಹಾಡೋಕೆ ಹೊರಟರೆ ಯಾರು ಯಾವ ಸ್ವರ ಹಿಡೀಬೇಕು? ನಮ್ಮಲ್ಲಿ ಎಲ್ಲರೂ ಒಂದೇ ಸ್ವರದಲ್ಲಿ ಹಾಡಿ ರೂಢಿ.

ನೀಲಿ ನೋಟು
ಮೊದಲು ಮೂವರೂ ಮುಖ್ಯ ರಾಗವನ್ನ ಒಟ್ಟಿಗೇ ಕಲೀರಿ ಅಕ್ಕ, ತಾಳ-ಉಸಿರು ಒಂದಾಗೋವರೆಗೂ. ಆಮೇಲೆ ಪಾಲು ಹಂಚಿ. 'ಸ' ಶ್ರುತಿಯ ಮೇಜರ್ ಕಾರ್ಡ್ ಅಂದರೆ ಸ-ಗ-ಪ. ಕೆಳಗಿನವರು ಸ, ನಡುವಿನವರು ಗ, ಮೇಲಿನವರು ಪ. ಕಾರ್ಡ್ ಮ-ದ-ಸ ಆದಾಗ ಮೂವರೂ ಮೇಲಕ್ಕೆ ಹಾರಬಾರದು. ಸ ಹಿಡಿದವರು ಅಲ್ಲೇ ಇರಿ, ಗ ಇದ್ದವರು ಮ, ಪ ಇದ್ದವರು ದ. ಹತ್ತಿರದ ಸ್ವರಕ್ಕೆ ಸರಿಯೋದೇ ಗುಟ್ಟು. ಮೂವರೂ ಹಾರಿದರೆ ಒಬ್ಬೊಬ್ಬರ ಪಾಲು ಬೇರೆ ಹಾಡಾಗಿಬಿಡತ್ತೆ.

ಕೆಡೋದು ಮೂರು ಕಡೆ. ಗಮಕ: ಹಿನ್ನೆಲೆಯವರು ಸ್ವರ ಅಲ್ಲಾಡಿಸಿದರೆ ಮುಖ್ಯ ಕಂಠಕ್ಕೆ ತಾಗಿ ಗೊರಗೊರ ಅನ್ನತ್ತೆ, ಸಪಾಟಾಗಿ ನಿಲ್ಲಿಸಿ. ಪದದ ಕೊನೆಯ 'ಸ್' ಕಾರ: ಮೂವರೂ ಹೇಳಿದರೆ ಹಾವು ಬುಸುಗುಟ್ಟಿದ ಹಾಗೆ, ಒಬ್ಬರೇ ಹೇಳಿ, ಉಳಿದವರು ನುಂಗಿ. ಮೈಕು: 'ವೆನ್ ವಿಲ್ ಐ' ಮುಖ್ಯ ದನಿ ಉಸಿರು ಬೆರೆತದ್ದು, ಎರಡು ಮೂರು ಇಂಚಿನ ಹತ್ತಿರ ಬೇಕು. ಹಿನ್ನೆಲೆಯ ಇಬ್ಬರು ಒಂದೇ ಮೈಕಿಗೆ ಅರ್ಧ ಅಡಿ ದೂರ. ಹಾಡು ಮೆತ್ತಗಿದೆ ಅಂತ ಶ್ರುತಿ ಕೆಳಗಿಳಿಸಬೇಡಿ, ಕೆಳಗಿನ ದನಿಗೆ ಉಸಿರೇ ಸಾಲಲ್ಲ.

ಸರಿಗಮ ಸರಳಾ
'ಸ್' ನುಂಗೋದು ಇಷ್ಟು ದಿನ ಯಾರೂ ಹೇಳಿರಲಿಲ್ಲ. ಥ್ಯಾಂಕ್ಸ್.

ಮಲೆನಾಡ್ ಮೋನೋ
ಪ್ಲೇಲಿಸ್ಟಿಗೆ ಜಪಾನ್ ಮರೀಬೇಡಿ. 1974ರ 'ಮಿಡ್‌ನೈಟ್ ಟ್ರೇನ್' ರಾಗ ಹಾಕಿದ್ದು ಹರುವೊಮಿ ಹೊಸೊನೊ, ಮುಂದೆ ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾ ಕಟ್ಟಿದವರು. 1975ರ 'ನಿಗಾಯ್ ನಮಿದ' ಜಪಾನಿ ಭಾಷೆಯಲ್ಲೇ ಹಾಡಿದ್ದು, ರಾಗ ಕ್ಯೊಹೇಯ್ ಟ್ಸುಟ್ಸುಮಿ. ಫಿಲಡೆಲ್ಫಿಯಾದ ಹುಡುಗಿಯರು ಟೋಕಿಯೋ ಪಾಪ್ ಹಾಡಿದಾಗ ಹೇಗಿರತ್ತೆ ಅನ್ನೋದಕ್ಕಾದರೂ ಒಮ್ಮೆ ಕೇಳಿ.

ಕ್ಯಾಸೆಟ್ ಕಾಕಾ
ಫೇಯೆಟ್ ಬಗ್ಗೆ ಯಾರೂ ಮುಂದ ಹೇಳಲಿಲ್ಲ. ಮೊದಲಿನ ಮೂವರೊಳಗ 1976ರತನಕ ನಿಂತಾಕಿ ಆಕಿ ಒಬ್ಬಾಕೀನ. ಬಿಟ್ಟ ಮ್ಯಾಲೆ ಟೆಂಪಲ್ ವಿಶ್ವವಿದ್ಯಾಲಯದಾಗ ಮನಃಶಾಸ್ತ್ರ ಓದಿದರು. 2009ರ ಜೂನ್‌ನ್ಯಾಗ ತೀರಿಹೋದರು, 61 ವರ್ಷ.

ತಿರುಗುತಟ್ಟೆ
ಎಲ್ಲರಿಗೂ ನಮಸ್ಕಾರ. ಪ್ಲೇಲಿಸ್ಟ್ ಹೀಗೆ ಕತ್ತರಿಸಿದೀನಿ: ಸ್ವಾನ್‌ನಿಂದ ರೂಲೆಟ್ ಒಂದು, ಫಿಲಡೆಲ್ಫಿಯಾ ಒಂದು, ಎಪಿಕ್-ಜಪಾನ್ ಒಂದು, ಮೊರೊಡರ್ ಒಂದು. ಎಂಟ್ರಿಗಳಲ್ಲಿ ಎರಡು ಮಷೀನ್ ಸ್ನೇರ್ ಅಂತ ಸಿಕ್ಕಿಬಿದ್ದವು, ತೆಗೆದೆ. ಕೊನೇ ಪ್ರಶ್ನೆ: ಅಮೆರಿಕದ 7 ಇಂಚಿನ ತಟ್ಟೆ ತರಿಸಿದರೆ ನಡುವಿನ ತೂತು ದೊಡ್ಡದಂತೆ?

ಕ್ಯಾಸೆಟ್ ಕಾಕಾ
ಹೌದು, ಒಂದೂವರೆ ಇಂಚು. ಅಡಾಪ್ಟರ್ ಬೇಕs ಬೇಕು. ಕಣ್ಣಂದಾಜಿಲೆ ನಡುವ ಕೂಡಿಸಿ ಬಿಟ್ಟೀ ಅಂದ್ರ ತಟ್ಟೆ ಓರೆಯಾಗಿ ತಿರಗತದ, ಉದ್ದ ಸ್ವರ ಎಲ್ಲಾ ಮ್ಯಾಲೆ ಕೆಳಗ ತೂಗತಾವ. ಆಮ್ಯಾಲೆ ಶೀಲಾ ಶ್ರುತಿ ತಪ್ಪಿ ಹಾಡ್ಯಾರ ಅಂತ ಇಲ್ಲಿ ಬಂದು ಬರೀಬ್ಯಾಡ.